ಮೂರು ಬಿಡಾರ, ಮೂರು ಬಗೆಯ ಕರಾರು

ಕಾಸರಗೋಡಿನ ವಿದ್ಯಾನಗರ, ಆಮೇಲೆ ನುಳ್ಳಿಪ್ಪಾಡಿ, ಈಗ ಹೊಸಂಗಡಿ. ಆರು ವರ್ಷದಲ್ಲಿ ಮೂರು ಬಿಡಾರ ಕಂಡಿದ್ದೇನೆ. ಮೂರು ಕಡೆಯೂ ಮೂವರು ಜೊತೆಗಿದ್ದೆವು, ಕರಾರು ಮಾತ್ರ ಬೇರೆ ಬೇರೆ ಬಗೆಯದು.

ವಿದ್ಯಾನಗರದಲ್ಲಿ ಮೂವರೂ ಒಂದೇ ಕರಾರಿಗೆ ಸಹಿ ಹಾಕಿದೆವು. ಬಾಡಿಗೆ 9,000, ತಲೆಗೆ 3,000. ಕಾಗದ ಮಲಯಾಳದಲ್ಲಿತ್ತು. ನಾನು ಪೆರ್ಲದ ಕಡೆಯವನು, ಕನ್ನಡ ಮಾಧ್ಯಮದಲ್ಲಿ ಕಲಿತವನು. ಆಗ ಪೇಟೆ ವ್ಯವಹಾರಕ್ಕೆ ಬೇಕಾದಷ್ಟೇ ಮಲಯಾಳ ಬರುತ್ತಿತ್ತು. ಜೊತೆಯವನು ಓದಿ ಹೇಳಿದ. ಬಾಡಿಗೆಗೆ ನಾವು ‘ಒಟ್ಟಯ್ಕುಂ ಕೂಟ್ಟಾಯುಂ’ ಹೊಣೆ ಎಂದಿತ್ತು. ನನ್ನ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿತು: ಒಟ್ಟಾಗಿ, ಕೂಡಿ. ಮಲಯಾಳದಲ್ಲಿ ‘ಒಟ್ಟ’ ಎಂದರೆ ಒಂಟಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸೇರಿಯೂ ಹೊಣೆ, ಒಬ್ಬೊಬ್ಬನೂ ಇಡೀ ಬಾಡಿಗೆಗೆ ಹೊಣೆ ಎಂಬುದು ಅದರ ಅರ್ಥ.

ಐದನೇ ತಿಂಗಳು ಒಬ್ಬನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಮನೆಯ ಯಜಮಾನರಲ್ಲಿ, ನಾವು ‘ಇಚ್ಚ’ ಎಂದು ಕರೆಯುತ್ತಿದ್ದವರಲ್ಲಿ, ಹೇಳಿಯೇ ಹೊರಟ, ಅವರೂ ಹರಸಿ ಕಳಿಸಿದರು. ಮುಂದಿನ ತಿಂಗಳು ನಾನು 3,000 ಕೊಟ್ಟಾಗ ಅವರು ಎಣಿಸಿ, ಪುಸ್ತಕದಲ್ಲಿ ಬರೆದು, ‘ಬಾಕಿ 6,000?’ ಎಂದರು.

‘ಇಚ್ಚ, ನನ್ನ ಪಾಲು ಕೊಟ್ಟೆನಲ್ಲ?’

‘ಪಾಲು ನಿಮ್ಮೊಳಗಿನ ಲೆಕ್ಕ ಮೋನೆ. ನನಗೆ ಮನೆ ಒಂದು, ಬಾಡಿಗೆ ಒಂದು.’

ಸಿಟ್ಟಿನಲ್ಲೇ ವಕೀಲರ ಹತ್ತಿರ ಹೋದೆ. ಇಚ್ಚ ಹೇಳಿದ್ದೇ ಸರಿ ಎಂದರು. 1872ರ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಸೇರಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ವಸೂಲು ಮಾಡಬಹುದು. ಕೊಟ್ಟವನು ಉಳಿದವರಿಂದ ಅವರವರ ಪಾಲು ಕೇಳಬಹುದು. ಒಬ್ಬ ಕೈಯೆತ್ತಿದರೆ ಆ ನಷ್ಟ ಉಳಿದವರಿಗೆ ಸಮಪಾಲು. ಯಜಮಾನರು ಒಬ್ಬನನ್ನು ಬಿಟ್ಟುಬಿಟ್ಟರೂ ಉಳಿದವರ ಹೊಣೆ ಕಳಚುವುದಿಲ್ಲ ಎನ್ನುವುದು 44ನೇ ಸೆಕ್ಷನ್. ಹಾಗೆ ನಾವಿಬ್ಬರು ತಲಾ 4,500ರಂತೆ ಆರು ತಿಂಗಳು ಕಟ್ಟಿ 11 ತಿಂಗಳ ಅವಧಿ ಮುಗಿಸಿದೆವು. ದುಬೈಗೆ ಹೋದವನು ಆಮೇಲೆ ತನ್ನ ಪಾಲು ಪೂರ್ತಿ ಕಳಿಸಿದ. ಕಾಯ್ದೆಯಂತೆ ಕೇಳುವ ಹಕ್ಕು ನಮಗಿತ್ತು, ಆದರೆ ಅವನು ಕಳಿಸಿದ್ದು ಗೆಳೆತನಕ್ಕೆ.

ನುಳ್ಳಿಪ್ಪಾಡಿಯಲ್ಲಿ ಕರಾರು ನನ್ನೊಬ್ಬನ ಹೆಸರಲ್ಲಿ. ಉಳಿದಿಬ್ಬರು ನನ್ನ ಕೈಗೆ ಕೊಡುವುದು, ನಾನು ಮನೆಯ ಯಜಮಾನರಾದ ಟೀಚರಿಗೆ ಕಟ್ಟುವುದು. ಮೂರರಲ್ಲಿ ಇದೇ ಕೆಟ್ಟದ್ದು. ಟೀಚರಿಗೆ ಅವರಿಬ್ಬರ ಪರಿಚಯವೇ ಇಲ್ಲ, ಅವರಿಗೆ ಅಲ್ಲಿರಲು ಕಾಗದದ ಆಧಾರವೂ ಇಲ್ಲ. ಒಬ್ಬ ಎರಡು ತಿಂಗಳು ಕೊಡದೆ ಕೂತಾಗ ನಾನು ಕೈಯಿಂದ ಹಾಕಿದೆ. ಸಾಲದ್ದಕ್ಕೆ, 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವ ಕಡೆ, ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಟ್ಟರೆ ಮನೆ ಬಿಡಿಸಲು ಅದೇ ಒಂದು ಕಾರಣವಾಗುತ್ತದೆ. ಟೀಚರು ಆ ಮಾತು ಎತ್ತಲಿಲ್ಲ, ಆದರೆ ಅವರು ಗೇಟು ತೆರೆದಾಗಲೆಲ್ಲ ನನಗೆ ಎದೆ ಧಸಕ್ಕೆನ್ನುತ್ತಿತ್ತು.

ಹೊಸಂಗಡಿಯಲ್ಲಿ ಕೋಣೆಗೊಂದು ಕರಾರು. ತಲಾ 3,500, ಅಡುಗೆಮನೆ ಎಲ್ಲರಿಗೂ. ತಿಂಗಳಿಗೆ 500 ಹೆಚ್ಚು ಹೋಗುತ್ತದೆ, ಆದರೆ ಪಕ್ಕದವನು ಕೊಡದಿದ್ದರೆ ಅದು ಮನೆ ಬಾಡಿಗೆಗೆ ಕೊಟ್ಟ ಅಕ್ಕನ ತಲೆನೋವು. ಕೋಣೆ ಖಾಲಿಯಾದರೆ ನಷ್ಟ ಅವರದ್ದಾದ್ದರಿಂದ ಯಾರನ್ನು ತಂದು ಸೇರಿಸಬೇಕೆಂಬುದೂ ಅವರದೇ ತೀರ್ಮಾನ. ಅದು ನನಗೆ ಅಷ್ಟು ಹಿಡಿಸುವುದಿಲ್ಲ. ಕರೆಂಟಿನ ಮೀಟರು ಮಾತ್ರ ಒಂದೇ. ಇಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ, ತಿಂಗಳ ಲೆಕ್ಕಕ್ಕೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ. ಒಬ್ಬ ಎ.ಸಿ. ಹಾಕಿಸಿಕೊಂಡ ಬೇಸಿಗೆಯಲ್ಲಿ ಫ್ಯಾನಿನಡಿ ಮಲಗಿದ ನಾವೂ ಆ ದರ ತೆತ್ತೆವು. ಈಗ ಎ.ಸಿ.ಗೆ ಬೇರೆ ಸಬ್‌ಮೀಟರು ಇದೆ.

ಪರಿಚಯವಿಲ್ಲದವರ ಜೊತೆ ಇರುವುದಾದರೆ ನಾನು ಕೋಣೆಗೊಂದು ಕರಾರನ್ನೇ ಆರಿಸುತ್ತೇನೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಚಿಕ್ಕಪ್ಪನ ಮಗ ಊರಿನ ಇಬ್ಬರು ಗೆಳೆಯರ ಜೊತೆ ಮನೆ ಹಿಡಿಯುತ್ತಿದ್ದಾನೆ. ಅವನಿಗೆ ಮೂವರೂ ಸಹಿ ಹಾಕುವ ಕರಾರೇ ಸಾಕು ಎಂದೆ. ಅದರ ಜೊತೆ ತಮ್ಮೊಳಗೇ ಕನ್ನಡದಲ್ಲಿ ಒಂದು ಹಾಳೆ ಬರೆದು ಸಹಿ ಹಾಕಿಕೊಳ್ಳಲು ಹೇಳಿದ್ದೇನೆ: ಯಾರ ಪಾಲು ಎಷ್ಟು, ಅಡ್ವಾನ್ಸಿಗೆ ಯಾರು ಎಷ್ಟು ಹಾಕಿದರು, ಅರ್ಧದಲ್ಲಿ ಬಿಡುವವನು ಬದಲಿ ಆಳು ಸಿಗುವವರೆಗೆ ಎಷ್ಟು ತಿಂಗಳು ಕೊಡಬೇಕು. ಮಲಯಾಳದ ಕರಾರನ್ನು ಸಹಿಗೆ ಮೊದಲು ಫೋಟೊ ತೆಗೆದು ನನಗೆ ಕಳಿಸು ಎಂದೂ ಹೇಳಿದ್ದೇನೆ. ಈಗ ನನಗೆ ಓದಲು ಬರುತ್ತದೆ.