ಅನುರಾಧಪುರವೋ, ಪೊಲೊನ್ನರುವವೋ? ರೈಲು ಹೇಳಿದಂತೆ ಕೇಳಿ

ಐಹೊಳೆ, ಪಟ್ಟದಕಲ್ಲು ಎರಡನ್ನೂ ಒಂದೇ ದಿನ ಸುತ್ತಿದವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಪಟ್ಟದಕಲ್ಲಿನಲ್ಲಿ ಗುಡಿಗಳು ಒಂದೇ ಅಂಗಳದಲ್ಲಿ ಸಾಲಾಗಿ ನಿಂತಿವೆ. ಐಹೊಳೆಯಲ್ಲಿ ಓಣಿ, ಹೊಲ, ಗುಡ್ಡ ಎನ್ನದೆ ಚೆಲ್ಲಿಕೊಂಡಿವೆ. ಶ್ರೀಲಂಕಾದ ಪೊಲೊನ್ನರುವ ಪಟ್ಟದಕಲ್ಲಿನ ಜಾತಿ, ಅನುರಾಧಪುರ ಐಹೊಳೆಯ ಜಾತಿ. ಎರಡೂ ಹಾಳುಬಿದ್ದ ಬೌದ್ಧ ವಿಹಾರಗಳ ಊರುಗಳೇ, ಎರಡೂ 1982ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಆದರೆ ನಡೆದು ನೋಡಲು ಸುಲಭವಾದದ್ದಕ್ಕೆ ರೈಲು ಕಷ್ಟ, ರೈಲು ಸುಲಭವಾದದ್ದಕ್ಕೆ ಕಾಲು ಕಷ್ಟ.

ವಿಜಯಪುರ, ಬಾಗಲಕೋಟೆ ಕಡೆಯವರು ಗೋಲಗುಂಬಜ ಎಕ್ಸ್‌ಪ್ರೆಸ್, ಬೆಳಗಾವಿಯವರು ರಾಣಿ ಚೆನ್ನಮ್ಮ ಹಿಡಿದು ಬೆಂಗಳೂರಿಗೆ ಬಂದರೆ ಅಲ್ಲಿಂದ ಕೊಲಂಬೊ ಹಾರಾಟ ಒಂದೂವರೆ ಗಂಟೆ. ವಿದೇಶಕ್ಕಿಂತ ಬೆಂಗಳೂರೇ ದೂರ. ಮೊದಲ ರಾತ್ರಿ ಕೊಲಂಬೊ ಫೋರ್ಟ್ ನಿಲ್ದಾಣದ ಹತ್ತಿರ ಹಾಸ್ಟೆಲ್ ಹಿಡಿಯುವುದು ಜಾಣತನ, ಏಕೆಂದರೆ ಕೆಲಸಕ್ಕೆ ಬರುವ ಗಾಡಿಗಳು ಬೆಳಗಿನ ಆರರ ಆಸುಪಾಸು ಹೊರಡುತ್ತವೆ.

ಹಳಿ ನಮ್ಮದೇ ಅಗಲ, 1676 ಮಿ.ಮೀ. ದರ್ಜೆ ಮೂರು. ಕಾಯ್ದಿರಿಸಿದ ಸೀಟು 30 ದಿನ ಮೊದಲೇ ತೆರೆದು ಬೇಗ ಮುಗಿಯುತ್ತದೆ. ಕಾಯ್ದಿರಿಸದ ಟಿಕೆಟ್ಟು ಅದೇ ದಿನ ಕೌಂಟರಿನಲ್ಲಿ ಸಿಗುತ್ತದೆ, ಆದರೆ ಸೀಟಿನ ಭರವಸೆ ಇಲ್ಲ. ಟಿಕೆಟ್ಟನ್ನು ಎಸೆಯಬಾರದು, ಇಳಿದ ಮೇಲೆ ಗೇಟಿನಲ್ಲಿ ಒಪ್ಪಿಸಬೇಕು.

ಎರಡೂ ದಾರಿಗಳು ಮಾಹೊ ಜಂಕ್ಷನ್ನಿನವರೆಗೆ ಒಂದೇ. ಅಲ್ಲಿಂದ ಉತ್ತರಕ್ಕೆ ಹೋಗುವ ಜಾಫ್ನಾ ಗಾಡಿ ಸುಮಾರು ನಾಲ್ಕು ಗಂಟೆಯಲ್ಲಿ ಅನುರಾಧಪುರ ಮುಟ್ಟಿಸುತ್ತದೆ. ಪೊಲೊನ್ನರುವ ಇರುವುದು ಬಟ್ಟಿಕಲೋವಾ ಮಾರ್ಗದಲ್ಲಿ, ಆರು ಗಂಟೆಯ ದಾರಿ. ಗಲ್ ಓಯ ಸುತ್ತಿನ ಕಾಡಿನಲ್ಲಿ ಆನೆಗಳು ಹಳಿ ದಾಟುತ್ತವೆ. 2025ರ ಫೆಬ್ರವರಿಯಲ್ಲಿ ಹಬರಣ ಬಳಿ ರೈಲಿಗೆ ಸಿಕ್ಕು ಆರು ಆನೆಗಳು ಸತ್ತವು. ಆ ಕಾಡಿನಲ್ಲಿ ಗಾಡಿ ನಿಧಾನವಾದರೆ ಬೈಯುವಂತಿಲ್ಲ. ಇನ್ನೊಂದು ಮಾತು: 2025ರ ನವೆಂಬರಿನ ದಿತ್ವಾ ಚಂಡಮಾರುತ ಅಲ್ಲಿನ ಹಳಿಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಹಳೆಯ ವೇಳಾಪಟ್ಟಿ ನಂಬದೆ ಹಿಂದಿನ ದಿನವೇ ಫೋರ್ಟ್ ನಿಲ್ದಾಣದಲ್ಲಿ ವಿಚಾರಿಸಿ.

ಇಳಿಯುವುದರಲ್ಲೂ ಎಡವಟ್ಟಾಗುತ್ತದೆ. ಅನುರಾಧಪುರಕ್ಕೆ ಎರಡು ನಿಲ್ದಾಣಗಳಿವೆ, ಒಂದು ಮುಖ್ಯವಾದದ್ದು, ಇನ್ನೊಂದು ನ್ಯೂ ಟೌನ್. ಹಾಸ್ಟೆಲ್ ಯಾವುದಕ್ಕೆ ಹತ್ತಿರ ಎಂದು ಮೊದಲೇ ಕೇಳಿಕೊಳ್ಳಿ. ಪೊಲೊನ್ನರುವದ ನಿಲ್ದಾಣವಿರುವುದು ಕಡುರುವೆಲದಲ್ಲಿ, ಹಳೆಯ ಊರು ಅಲ್ಲಿಂದ ಸುಮಾರು 4 ಕಿ.ಮೀ. ಬಾದಾಮಿ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ಟಂಟಂ ಹುಡುಕಿದವರಿಗೆ ಇದು ಹೊಸದಲ್ಲ.

ಈಗ ಅವಶೇಷಗಳಿಗೆ ಬರೋಣ. ಅನುರಾಧಪುರದ ಬಲ ಇಟ್ಟಿಗೆ. ಮಹಾಸೇನ ಎಂಬ ದೊರೆ ಶುರುಮಾಡಿದ ಜೇತವನ ಸ್ತೂಪ ಮೂಲದಲ್ಲಿ 122 ಮೀಟರ್ ಎತ್ತರವಿತ್ತು. ತುದಿ ಮುರಿದು ಈಗ ಉಳಿದದ್ದು 71 ಮೀಟರ್. ನಮ್ಮ ಗೋಲಗುಂಬಜ 51. ಮುರಿದ ಸ್ತೂಪವೇ 20 ಮೀಟರ್ ಮೇಲೆ! ಅದಕ್ಕೆ ಹಿಡಿದ ಇಟ್ಟಿಗೆ ಒಂಬತ್ತು ಕೋಟಿಗೂ ಹೆಚ್ಚು ಎಂಬುದು ಲೆಕ್ಕ. ಆದರೆ ಒಂದು ವ್ಯತ್ಯಾಸ ನೆನಪಿರಲಿ: ಗುಂಬಜದ ಒಳಗೆ ನಿಂತು ಪಿಸುಮಾತು ಕೇಳಬಹುದು, ಸ್ತೂಪಕ್ಕೆ ಒಳಗೇ ಇಲ್ಲ, ಅದು ಗಟ್ಟಿ ಗುಡ್ಡ.

ಸ್ತೂಪಕ್ಕಿಂತ ವಿಹಾರದ ದಿನಚರಿ ಹುಡುಕುವವರು ಅಭಯಗಿರಿಗೆ ಹೆಚ್ಚು ಹೊತ್ತು ಕೊಡಬೇಕು. ನಾವು ಶಾಲೆಯಲ್ಲಿ ಓದಿದ ಚೀನೀ ಯಾತ್ರಿಕ ಫಾಹಿಯಾನ್ 5ನೇ ಶತಮಾನದಲ್ಲಿ ಎರಡು ವರ್ಷ ಈ ದ್ವೀಪದಲ್ಲಿದ್ದ, ಈ ವಿಹಾರದ ಬಗ್ಗೆ ಬರೆದ. ಊಟದ ಮನೆಯಲ್ಲಿ ಅನ್ನ ತುಂಬಿಡುತ್ತಿದ್ದ ಉದ್ದನೆಯ ಕಲ್ಲುದೋಣಿ ಇನ್ನೂ ಇದೆ. ಮಠದ ದಾಸೋಹ ಕಂಡವರಿಗೆ ಅದರ ಅಳತೆಯೇ ಕಥೆ ಹೇಳುತ್ತದೆ. ಕುಟ್ಟಂ ಪೊಕುಣ ಎಂಬ ಜೋಡಿ ಹೊಂಡಕ್ಕೆ ನೀರು ನೇರ ಬೀಳುವುದಿಲ್ಲ, ಮೊದಲು ಚಿಕ್ಕ ತೊಟ್ಟಿಯಲ್ಲಿ ಕೆಸರು ಇಳಿಸಿ ಬರುತ್ತದೆ. ಪಶ್ಚಿಮದ ತಪೋವನ ವಿಹಾರಗಳಲ್ಲಿ ಶಿಲ್ಪವಿಲ್ಲ, ಮೂತ್ರದ ಕಲ್ಲಿಗೆ ಮಾತ್ರ ಕೆತ್ತನೆ! ವೈಭವವನ್ನು ಅಣಕಿಸಲೆಂದೇ ಹಾಗೆ ಮಾಡಿದರು ಎಂಬ ವಿವರಣೆಯಿದೆ.

ಪೊಲೊನ್ನರುವದ ಬಲ ಕಲ್ಲು, ಜೊತೆಗೆ ಅಚ್ಚುಕಟ್ಟುತನ. ಅಳಹಣ ಪರಿವೇಣ ಎಂಬ ವಿಹಾರ ಸಮೂಹದಲ್ಲಿ ಭಿಕ್ಷುಗಳು ಸೇರಿ ವಿನಯ, ಅಂದರೆ ಸಂಘದ ನಿಯಮ, ಪಠಿಸುತ್ತಿದ್ದ ಬದ್ಧಸೀಮಾ ಪ್ರಾಸಾದ ಎಲ್ಲಕ್ಕಿಂತ ಎತ್ತರದ ಜಗಲಿಯಲ್ಲಿದೆ. ಆಸ್ಪತ್ರೆಯ ಅವಶೇಷದಲ್ಲಿ ಮನುಷ್ಯನ ಮೈಯಾಕಾರದ ಔಷಧಿ ದೋಣಿ ಸಿಕ್ಕಿತು. ಒಂದೇ ಬಂಡೆಯಲ್ಲಿ ಕಡೆದ ಗಲ್ ವಿಹಾರದ ಮಲಗಿದ ಬುದ್ಧ 14 ಮೀಟರ್, ಪಕ್ಕದ ನಿಂತ ಮೂರ್ತಿ 7 ಮೀಟರ್. ಕಾಪಾಡಲು ಹಾಕಿದ ಚಾವಣಿ ಫೋಟೋ ಕೆಡಿಸುತ್ತದೆ, ಇರಲಿ. ಬಸವನ ನಾಡಿನವರ ಕಣ್ಣಿಗೆ ಬೀಳುವ ಸಂಗತಿ ಇನ್ನೊಂದು: ಅನುರಾಧಪುರದ ಚಂದ್ರಶಿಲೆಯಲ್ಲಿ, ಅಂದರೆ ಮೆಟ್ಟಿಲ ಬುಡದ ಅರ್ಧಚಂದ್ರ ಕಲ್ಲಿನಲ್ಲಿ, ಆನೆ, ಕುದುರೆ, ಸಿಂಹದ ಜೊತೆ ಎತ್ತೂ ಇದೆ. ಪೊಲೊನ್ನರುವದಲ್ಲಿ ಎತ್ತು ಮಾಯ. ಎತ್ತನ್ನು ತುಳಿಯಬಾರದು ಎಂಬ ಹಿಂದೂ ಭಾವನೆಯಿಂದ ಬಿಟ್ಟರು ಎನ್ನುತ್ತಾರೆ. ಚೋಳರಿಂದ ಊರು ಬಿಡಿಸಿಕೊಂಡ ಸಿಂಹಳ ದೊರೆ ಒಂದನೆಯ ವಿಜಯಬಾಹು ಕನ್ನಡದೊರೆಯ ಜೊತೆ ರಾಯಭಾರಿಗಳನ್ನು ಅದಲುಬದಲು ಮಾಡಿಕೊಂಡ ಮಾತು ಲಂಕೆಯ ಹಳೆಯ ಇತಿಹಾಸ ಗ್ರಂಥ ಚೂಳವಂಶದಲ್ಲಿದೆ. ಆಗ ನಮ್ಮ ಕಡೆ ಆಳುತ್ತಿದ್ದವನು ಕಲ್ಯಾಣದ ಆರನೆಯ ವಿಕ್ರಮಾದಿತ್ಯ.

ಸುತ್ತುವುದು ಹೇಗೆ? ಪೊಲೊನ್ನರುವಕ್ಕೆ ಸೈಕಲ್ ಸಾಕು. ಟಿಕೆಟ್ಟು ಗೇಟಿನಲ್ಲಲ್ಲ, ಕೆರೆ ಬದಿಯ ಮ್ಯೂಸಿಯಂನಲ್ಲಿ ಕೊಳ್ಳಬೇಕು, ಮರೆತರೆ ವಾಪಸ್ ತುಳಿಯಬೇಕು. ಅನುರಾಧಪುರದಲ್ಲಿ ಸೈಕಲ್ ಸಾಧ್ಯ, ಆದರೆ ಅಭಯಗಿರಿ, ಜೇತವನ, ಬೋಧಿವೃಕ್ಷ ಮೂರೂ ದೂರದೂರ. ರೈಲಿನ ಹೊತ್ತಿಗೆ ವಾಪಸಾಗುವವರು ಅರ್ಧ ದಿನಕ್ಕೆ ಆಟೋ ಮಾತಾಡುವುದೇ ಸರಿ. ಪಾಸ್‌ಪೋರ್ಟ್ ಮೂಲ ಪ್ರತಿ ಒಯ್ಯಿರಿ, ಸಾರ್ಕ್ ದೇಶದವರಿಗೆ ಪ್ರವೇಶ ಶುಲ್ಕದಲ್ಲಿ ದೊಡ್ಡ ರಿಯಾಯಿತಿ ಇದೆ. ಪೂಜಾಸ್ಥಳಗಳಲ್ಲಿ ಚಪ್ಪಲಿ, ಟೋಪಿ ತೆಗೆಯಬೇಕು. ಮಧ್ಯಾಹ್ನದ ಕಲ್ಲು ರೊಟ್ಟಿಹಂಚು, ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಕಾವಲಿನವರು ಗದರುತ್ತಾರೆ.

ಹಾಸ್ಟೆಲಿನ ಮಟ್ಟಿಗೆ ಎರಡೂ ಊರು ಒಂದೇ. ಅತಿಥಿಗೃಹಗಳೇ ಜಾಸ್ತಿ, ಡಾರ್ಮಿಟರಿ ಕಡಿಮೆ. ಸ್ವಂತ ಬೀಗ ತನ್ನಿ, ಸೊಳ್ಳೆಪರದೆ ತೂತಿಲ್ಲವೇ ನೋಡಿ. ಗೋಡೆಯ ಸಾಕೆಟ್ಟು ಚೌಕ ಕಡ್ಡಿಯದೂ ಇರುತ್ತದೆ, ಅಡಾಪ್ಟರ್ ಬೇಕು. ಸಸ್ಯಾಹಾರಿಗಳಿಗೆ ನಿಜವಾದ ಅಪಾಯ ಪೊಲ್ ಸಂಬೋಲ್. ನೋಡಲು ಕಾಯಿ ಚಟ್ನಿ, ಒಳಗೆ ಉಂಬಲಕಡ, ಅಂದರೆ ಒಣಮೀನಿನ ಪುಡಿ ಇರುವುದು ಸಾಮಾನ್ಯ. "ಉಂಬಲಕಡ ಎಪಾ" ಎಂದರೆ ಬೇಡ ಎಂದರ್ಥ. ಪರಿಪ್ಪು ಎಂಬ ಬೇಳೆ, ಇಂಡಿಯಾಪ್ಪ ಎಂಬ ಶ್ಯಾವಿಗೆ ಹೊಟ್ಟೆ ತುಂಬಿಸುತ್ತವೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿದ್ದರೆ ಕೆಡುವುದಿಲ್ಲ.

ಕೊಲಂಬೊದಿಂದ ಒಂದೇ ಹಗಲು ಕೈಯಲ್ಲಿದ್ದರೆ ಅನುರಾಧಪುರ, ಬೇರೆ ಮಾತಿಲ್ಲ. ಎರಡು ರಾತ್ರಿ ಇದ್ದರೆ ಪೊಲೊನ್ನರುವ, ಅದರಲ್ಲೂ ವಿಹಾರದ ನಕ್ಷೆ ಓದುವ ಆಸೆಯಿದ್ದವರಿಗೆ. ಎರಡನ್ನೂ ಜೋಡಿಸುವವರು ನಡುವೆ ಬಸ್ಸನ್ನೇ ಹಿಡಿಯಲಿ. ರೈಲಾದರೆ ಮಾಹೊಗೆ ಹಿಂತಿರುಗಿ ಗಾಡಿ ಬದಲಿಸಬೇಕು.

ನಮ್ಮ ದೀಪಾವಳಿ ರಜೆ ಅಲ್ಲಿನ ಹಿಂಗಾರು ಮಳೆ ಹಿಡಿಯುವ ಹೊತ್ತು. ಜೂನಿನ ಪೊಸೊನ್ ಹುಣ್ಣಿಮೆಗೆ ಅನುರಾಧಪುರದ ಕಡೆ ಜನಸಾಗರ ಹರಿಯುತ್ತದೆ, ಗಾಡಿಯಲ್ಲಿ ನಿಲ್ಲಲೂ ಜಾಗ ಸಿಗದು. ಆ ವಾರ ಪೊಲೊನ್ನರುವಕ್ಕೆ ಹೋಗಿ.