128 ಜಿಬಿ ಅಂತ ಹೇಳಿ 8 ಜಿಬಿ ಪ್ಲೇಯರ್ ಕೊಟ್ಟರು, ದಯವಿಟ್ಟು ಹುಷಾರು

ಎರಡು ವಾರ ಆಯ್ತು, ಇನ್ನೂ ಹೊಟ್ಟೆ ಉರಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಹಾಡು ಕೇಳಲು ಪ್ಲೇಯರ್ ಬೇಕಿತ್ತು. ಅವರದು ಬಟನ್ ಫೋನ್. ಹಳೇ ಐಪಾಡ್ ಕ್ಲಾಸಿಕ್ (ಆಪಲ್ ಕಂಪನಿಯ ಹಾಡಿನ ಪ್ಲೇಯರ್) ಒಳಗಿರುವುದು ಹಾರ್ಡ್ ಡಿಸ್ಕ್, ಈಗ ಕಟಕಟ ಅಂತ ಸದ್ದು ಮಾಡಿ ನಿಂತುಬಿಡುತ್ತದೆ. ಆ ಮಾಡೆಲ್ 2014ರಲ್ಲೇ ನಿಂತಿತು, 2022ರಲ್ಲಿ ಐಪಾಡ್ ಮಾಡುವುದನ್ನೇ ಆಪಲ್ ಬಿಟ್ಟಿತು. ಹಾಡು ತುಂಬಿಕೊಂಡೇ ಬರುವ ಪ್ಲೇಯರ್‌ಗಳಿವೆ, ಆದರೆ ಅಪ್ಪನಿಗೆ ಅವರದೇ ಹಾಡು ಬೇಕು. ಕ್ಯಾಸೆಟ್‌ನಿಂದ ನಾನು ಇಳಿಸಿದ ದಾಸರ ಪದ, ನಾಟಕದ ಹಾಡು, ಎಲ್ಲ ಸೇರಿ 40 ಜಿಬಿ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಎರಡು ತೋರಿಸಿದರು. ಒಂದು ಹೆಸರಾದ ಕಂಪನಿಯದು, 16 ಜಿಬಿ, ಮೆಮೊರಿ ಕಾರ್ಡ್ ಹಾಕಬಹುದು, ಆರು ಸಾವಿರದ ಮೇಲೆ. ಇನ್ನೊಂದಕ್ಕೆ ಹೆಸರೇ ಇಲ್ಲ. ಡಬ್ಬಿ ಮೇಲೆ 128 ಜಿಬಿ, 1,900 ರೂಪಾಯಿ. "ಒಳಗಿರೋದು ಎರಡೂ ಒಂದೇ ಸಾರ್, ಹೆಸರಿಗೆ ಯಾಕೆ ದುಡ್ಡು ಹಾಕ್ತೀರಿ" ಅಂದರು. ಲ್ಯಾಪ್‌ಟಾಪಿಗೆ ಹಾಕಿ ತೋರಿಸಿದರು. 119 ಜಿಬಿ ಖಾಲಿ. 128 ಜಿಬಿ ವಿಂಡೋಸ್‌ನಲ್ಲಿ ಅಷ್ಟೇ ಕಾಣೋದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ನಂಬಿದೆ.

ರಾತ್ರಿಯೆಲ್ಲ ಕಾಪಿ ಮಾಡಿದೆ. ಒಂದೂ ಎರರ್ ಬರಲಿಲ್ಲ. ಬೆಳಿಗ್ಗೆ ಅಪ್ಪ ಇಯರ್‌ಫೋನ್ ಹಾಕಿಕೊಂಡು ಕೂತರು. ಮೊದಲು ಒಂದಷ್ಟು ಹಾಡು ಬಂತು. ಆಮೇಲೆ ಸ್ಕ್ರೀನ್ ಮೇಲೆ ಹಾಡಿನ ಹೆಸರು ಬರುತ್ತದೆ, 00:00 ಅಂತ ನಿಲ್ಲುತ್ತದೆ, ಮುಂದಿನದಕ್ಕೆ ಹಾರುತ್ತದೆ. ಅಪ್ಪ ವಾಲ್ಯೂಮ್ ಬಟನ್ ಒತ್ತುತ್ತಲೇ ಇದ್ದರು. "ನನಗೇ ಕಿವಿ ಕೇಳ್ತಿಲ್ವೇನೋ" ಅಂದರು. ಆ ಮಾತು ಕೇಳಿ ನನಗೆ ಏನು ಹೇಳಬೇಕೋ ತೋಚಲಿಲ್ಲ.

ಗೆಳೆಯನೊಬ್ಬ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಪುಕ್ಕಟೆ ಪ್ರೋಗ್ರಾಂ ಹಾಕಿ ನೋಡು ಅಂದ. ಅದು ಜಾಗವನ್ನೆಲ್ಲ ಫೈಲ್‌ನಿಂದ ತುಂಬಿಸಿ, ತಿರುಗಿ ಓದಿ, ಬರೆದದ್ದು ಉಳಿದಿದೆಯಾ ಅಂತ ನೋಡುತ್ತದೆ. ಗಂಟೆಗಟ್ಟಲೆ ಹಿಡಿಯಿತು. ಕೊನೆಗೆ ಕೆಂಪು ಅಕ್ಷರ: ಏಳು ಚಿಲ್ಲರೆ ಜಿಬಿ ಸರಿ, ಮಿಕ್ಕ 111 ಜಿಬಿ ಹೋಗಿದೆ. ಅಂದರೆ ಒಳಗಿರುವುದು 8 ಜಿಬಿ ಚಿಪ್. 128 ಅಂತ ಸುಳ್ಳು ಹೇಳುವ ಹಾಗೆ ಅದರ ಸಾಫ್ಟ್‌ವೇರ್ ತಿದ್ದಿದ್ದಾರೆ. ಹಾಡಿನ ಹೆಸರು ಉಳಿಯುತ್ತದೆ, ಹಾಡು ಉಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಮೂಲ ಫೈಲ್ ಅಳಿಸಿರಲಿಲ್ಲ, ಅದೊಂದೇ ಪುಣ್ಯ.

ವಾಪಸ್ ಒಯ್ದೆ. "ಕಾಪಿ ಮಾಡೋವಾಗ ನೀವೇ ಕೇಬಲ್ ಎಳೆದಿರ್ತೀರಿ." ಇಲ್ಲ ಅಂದೆ. "119 ತೋರಿಸ್ತಿದೆ ಅಲ್ವಾ? ಇನ್ನೇನು ಬೇಕು?" ಟೆಸ್ಟ್‌ನ ಫೋಟೋ ತೋರಿಸಿದೆ. "ಆ ಸಾಫ್ಟ್‌ವೇರ್ ಎಲ್ಲ ಹಾಕಿದ್ದಕ್ಕೇ ಮೆಮೊರಿ ಕೆಟ್ಟಿದೆ, ಈಗ ರಿಟರ್ನ್ ಆಗಲ್ಲ." ಪರೀಕ್ಷೆ ಮಾಡಿದ್ದೇ ನನ್ನ ತಪ್ಪಂತೆ! ಪಕ್ಕದಲ್ಲಿದ್ದ ಹುಡುಗ ನಗುತ್ತಿದ್ದ. ಬಿಲ್ ತೋರಿಸಿ ಅಂದರು. ಅವರು ಕೊಟ್ಟಿದ್ದೇ ಒಂದು ಎಸ್ಟಿಮೇಟ್ ಚೀಟಿ, ಅಂಗಡಿ ಹೆಸರೂ ಇಲ್ಲ, ಜಿಎಸ್‌ಟಿ ನಂಬರೂ ಇಲ್ಲ. ಕೇಳಿ ತಗೋಬೇಕಿತ್ತು. ನಾಚಿಕೆಯಾಗುತ್ತದೆ, ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತವನು ನಾನು.

ಹೆಸರಿಲ್ಲದ ಪ್ಲೇಯರ್‌ನಲ್ಲಿ 64, 128 ಅಂತ ಸಾವಿರ ಎರಡು ಸಾವಿರಕ್ಕೆ ಕೊಟ್ಟರೆ ಮುಟ್ಟಬೇಡಿ. ಒಳಗೆ ಕಡಿಮೆ ಜಿಬಿ ಇದ್ದರೂ ಕಾರ್ಡ್ ಹಾಕುವ ಜಾಗ ಇರುವುದನ್ನು ತಗೊಳ್ಳಿ, ಕಾರ್ಡನ್ನೂ ಟೆಸ್ಟ್ ಮಾಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಆದರೆ ತೋರಿಸಲು ನನ್ನ ಹತ್ತಿರ ಸರಿಯಾದ ಬಿಲ್ಲೂ ಇಲ್ಲ. ಬೂದು ಬಣ್ಣ, ಮೆಟಲ್ ಬಾಡಿ, ಹಿಂದೆ ಯಾವ ಹೆಸರೂ ಇಲ್ಲ. ಕಂಡರೆ ಕೈಯಲ್ಲೂ ಹಿಡಿಯಬೇಡಿ.