ಗಾರ್ಡ್ ಬಿಚ್ಚಿದ ವೀಡ್ ಕಟರ್ ತೋಟಕ್ಕೆ ತರಬೇಡಿ

ಅಡಿಕೆ ಕೊಯ್ಲು ಹತ್ತಿರ ಬಂತು. ಉದುರಿದ ಅಡಿಕೆ ಕಣ್ಣಿಗೆ ಬೀಳಬೇಕೆಂದರೆ ತೋಟದ ಹುಲ್ಲು ಹೊಡೆಯಲೇಬೇಕು, ಆಳಂತೂ ಸಿಗುವುದಿಲ್ಲ. ಬಾಡಿಗೆ ವೀಡ್ ಕಟರ್ ತರುವವರು ಮೊದಲು ಬ್ಲೇಡಿನ ಮೇಲೆ ಗಾರ್ಡ್, ಅಂದರೆ ಕಲ್ಲು ಚೂರು ಮೈಮೇಲೆ ಹಾರದಂತೆ ತಡೆಯುವ ಮರೆ, ಇದೆಯೋ ಇಲ್ಲವೋ ನೋಡಿ.

ಹೋದ ವರ್ಷ ನಮ್ಮ ಭಾವ ತಂದ ಮಿಷನ್ನಿಗೆ ಇರಲಿಲ್ಲ. ಕೇಳಿದ್ದಕ್ಕೆ ಅಂಗಡಿಯವರು, "ಅದಿದ್ರೆ ಹುಲ್ಲು ಸಿಕ್ಕಾಕ್ಕೊಳ್ತದೆ ಮಾರಾಯ್ರೆ, ಯಾರೂ ಹಾಕಲ್ಲ" ಅಂದರಂತೆ. ಜೊತೆಗೆ ಕೊಟ್ಟ ಕನ್ನಡಕ ಗೀರು ಬಿದ್ದು ಬಿದ್ದು ಎದುರಿನ ಮರವೇ ಕಾಣದ ಹಾಗಿತ್ತು. ಭಾವ ಅದನ್ನು ಹಣೆ ಮೇಲಕ್ಕೇರಿಸಿ ಧರೆಯ, ಅಂದರೆ ಕಡಿದಾದ ಮಣ್ಣಿನ ದಿಬ್ಬದ, ಬುಡದಲ್ಲಿ ಹೊಡೆಯುತ್ತಿದ್ದರು. ಟಕ್ ಅಂತ ಒಂದು ಸದ್ದು. ಮಿಷನ್ ಬೆಲ್ಟಿನಲ್ಲೇ ನೇತಾಡುತ್ತಿತ್ತು, ಭಾವ ಎರಡೂ ಕೈಯಲ್ಲಿ ಎಡಗಣ್ಣು ಮುಚ್ಚಿಕೊಂಡಿದ್ದರು. ಬಡಿದದ್ದು ಜಂಬಿಟ್ಟಿಗೆಯ ಒಂದು ಚೂರು, ಕಡಲೆಕಾಳಿಗಿಂತ ದೊಡ್ಡದಲ್ಲ.

ಒಬ್ಬರು ನೀರು ಹಾಕಿ ಉಜ್ಜಿ ಅಂದರು, ಇನ್ನೊಬ್ಬರು ನಂದಿಬಟ್ಟಲು ಹೂವಿನ ರಸ ಬಿಡಿ ಅಂದರು. ಅತ್ತೆ ಯಾರಿಗೂ ಮುಟ್ಟಗೊಡದೆ, ಕಣ್ಣಿಗೆ ಒತ್ತದ ಹಾಗೆ ಕಾಗದದ ಲೋಟ ಅಡ್ಡ ಇಟ್ಟು ಪ್ಲಾಸ್ಟರ್ ಅಂಟಿಸಿ ಕಾರು ಹತ್ತಿಸಿದರು. ಅದೇ ಸರಿ ಅಂತ ಕಣ್ಣಿನ ಡಾಕ್ಟರೂ ಹೇಳಿದರು. ಕಣ್ಣಿನೊಳಗೆ, ಪಾಪೆಯ ಮುಂದೆ ರಕ್ತ ಇಳಿದಿತ್ತು. ತಲೆ ಎತ್ತರಿಸಿಯೇ ಮಲಗಬೇಕು, ಬಗ್ಗಬಾರದು. ದೃಷ್ಟಿ ಉಳಿಯಿತು. ಆದರೆ ಇಂಥ ಪೆಟ್ಟಿಗೆ ವರ್ಷಗಳಾದ ಮೇಲೂ ಕಣ್ಣಿನ ಒತ್ತಡ ಏರಿ, ದೃಷ್ಟಿಯ ನರ ಹಾಳುಮಾಡುವ ಗ್ಲಾಕೋಮಾ ಬರಬಹುದಾದ್ದರಿಂದ ವರ್ಷ ವರ್ಷ ತೋರಿಸುತ್ತಲೇ ಇರಬೇಕು.

ಹುಲ್ಲು ಸಿಕ್ಕಿಕೊಳ್ಳುತ್ತದೆ ಎನ್ನುವುದು ಸುಳ್ಳಲ್ಲ, ಉದ್ದ ಹುಲ್ಲಿಗೆ ಸಿಕ್ಕುತ್ತದೆ. ಮಿಷನ್ ನಿಲ್ಲಿಸಿ ಬಿಡಿಸಬೇಕು, ಅಷ್ಟೇ. ಗಾರ್ಡ್ ಬಿಚ್ಚಿದರೆ ಮಿಷನ್ನಿಗೂ ಒಳ್ಳೆಯದಲ್ಲ. ಬ್ಲೇಡಿನ ಬದಲು ನೈಲಾನ್ ದಾರ ಹಾಕಿ ಹೊಡೆಯುವಾಗ ಬಳಸುವ ಗಾರ್ಡಿನ ಅಂಚಿನಲ್ಲಿ ಪುಟ್ಟ ಚಾಕು ಇರುತ್ತದೆ, ಉದ್ದವಾದ ದಾರವನ್ನು ಕತ್ತರಿಸುವುದು ಅದೇ. ಅದಿಲ್ಲದಿದ್ದರೆ ದಾರ ಉದ್ದವಾಗಿ ಎಂಜಿನ್ ಹೆಣಗುತ್ತದೆ, ಕ್ಲಚ್ ಬಿಸಿಯಾಗುತ್ತದೆ. ದಾರದ ಬದಲು ಚೈನ್ ತುಂಡು ಕಟ್ಟುವವರೂ ಇದ್ದಾರೆ, ಅವರಿಗೆ ಕೈ ಮುಗಿಯಬೇಕು! ಮಿಷನ್ನಿನ ತುದಿಯಲ್ಲಿ ಸುತ್ತುವ, ಕೊಂಡಿ ಕೊಂಡಿಯ ಲೋಹದ ಹೆಡ್‌ಗಳನ್ನು ಯುರೋಪಿನಲ್ಲಿ 2012ರಲ್ಲೇ ನಿಷೇಧಿಸಿದ್ದಾರೆ. ಕೊಂಡಿ ಕಿತ್ತು ಹಾರಿ ಜೀವವೇ ಹೋಗಿತ್ತು.

ಗಾರ್ಡ್ ಇದ್ದರೂ ಅದು ಕಾಯುವುದು ಮಿಷನ್ ಹಿಡಿದವರನ್ನು ಮಾತ್ರ. ಉಳಿದವರು, ಮುಖ್ಯವಾಗಿ ಮಕ್ಕಳು, 15 ಮೀಟರ್ ಆಚೆಗಿರಲಿ. ಸೋಗೆ ಎಳೆಯುವವರು, ಚಾ ತರುವವರು ಹಿಂದಿನಿಂದ ಬಂದು ಭುಜ ಮುಟ್ಟುವುದಂತೂ ಬೇಡವೇ ಬೇಡ, ಗಾಬರಿಯಲ್ಲಿ ತಿರುಗಿದರೆ ಬ್ಲೇಡೂ ಜೊತೆಗೇ ತಿರುಗುತ್ತದೆ.

ಅಂಗಡಿಯಲ್ಲೇ ಒಮ್ಮೆ ಸ್ಟಾರ್ಟ್ ಮಾಡಿಸಿ. ಆಕ್ಸಿಲರೇಟರ್ ಪೂರ್ತಿ ಬಿಟ್ಟ ಮೇಲೂ ಬ್ಲೇಡ್ ಸುತ್ತುತ್ತಲೇ ಇದ್ದರೆ ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ಓಡುವ ವೇಗ) ಜಾಸ್ತಿಯಿದೆ, ಇಲ್ಲವೇ ಕ್ಲಚ್ ಸ್ಪ್ರಿಂಗ್ ಹೋಗಿದೆ. ರಿಪೇರಿ ಆಗದೆ ತರಬೇಡಿ. ಗಾರ್ಡ್ ಎಲ್ಲಿ ಎಂದು ಗಟ್ಟಿಯಾಗಿ ಕೇಳಿದರೆ ಎಷ್ಟೋ ಸಲ ಒಳಗಿನ ಮೂಲೆಯಿಂದಲೇ ಹೊರಗೆ ಬರುತ್ತದೆ. ಎಲನ್ ಕೀ ಇದ್ದರೆ ಕೂರಿಸುವುದು ಐದು ನಿಮಿಷದ ಕೆಲಸ, ಅವರಿಂದಲೇ ಮಾಡಿಸಿ.